ಯುರೋಪಿನ ಕೋಟೆಯಲ್ಲಿ ಲಗ್ನ: ಕೊಹಿನೂರಿನಿಂದ ಹೊರಡುವ ಮುನ್ನ

ಕೊಹಿನೂರ ಹೋಬಳಿಯ ಹಳ್ಳಿಗಳಲ್ಲಿ ಲಗ್ನ ಗೊತ್ತಾದ ಮರುದಿನವೇ ಪತ್ರಿಕೆ ಯಾರ್ಯಾರಿಗೆ ಕೊಡಬೇಕೆಂಬ ಪಟ್ಟಿ ಶುರುವಾಗುತ್ತದೆ. ಬಸವಕಲ್ಯಾಣ, ಹುಮನಾಬಾದ, ಕಲಬುರಗಿ, ಗಡಿಯಾಚೆಯ ಉಮರ್ಗಾ, ಜಹೀರಾಬಾದ್ ಎಂದು ಬೀಗರು ಮೂರು ರಾಜ್ಯಗಳಲ್ಲಿ ಹರಡಿರುತ್ತಾರೆ. ಪಟ್ಟಿ ಸಾವಿರ ದಾಟಿದರೂ ಯಾರೂ ಅಚ್ಚರಿಪಡುವುದಿಲ್ಲ. ಇದೇ ಮನೆಗಳ ಮಕ್ಕಳು ಹೈದರಾಬಾದ್, ಪುಣೆಗಳಲ್ಲಿ ಓದಿ ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಕೆಲಸ ಹಿಡಿದಿರುವ ಈ ಕಾಲದಲ್ಲಿ, ಫೋನಿನಲ್ಲಿ ಒಂದು ಹೊಸ ಮಾತು ಕೇಳಿಬಂದರೆ ಆಶ್ಚರ್ಯವಿಲ್ಲ: “ಅಪ್ಪಾಜಿ, ಲಗ್ನ ಇಲ್ಲೇ ಒಂದು ಹಳೇ ಕೋಟೆಯಾಗ ಮಾಡೋಣೇನ್ರೀ?”

ಮಾಡಬಹುದು. ಶಾಸ್ತ್ರಬದ್ಧವಾಗಿ, ಅರಿಶಿಣದಿಂದ ಆಹೇರದವರೆಗೆ ಎಲ್ಲವನ್ನೂ ಮಾಡಬಹುದು. ಆದರೆ ಇಂಥ ಲಗ್ನದಲ್ಲಿ ಎಡವುವುದು ಕೋಟೆಯ ಬಾಗಿಲಲ್ಲಲ್ಲ, ನಮ್ಮ ಊರಿನ ಕಾಗದಪತ್ರಗಳಲ್ಲಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಕಾನೂನು ಒಪ್ಪುವ ಲಗ್ನ ಮತ್ತು ಊರಿನವರ ಅಕ್ಕಿಕಾಳು ಇಲ್ಲಿ ಆಗಲಿ, ಕೋಟೆಯಲ್ಲಿ ಆಪ್ತರ ಸಂಭ್ರಮ ನಡೆಯಲಿ. ಯಾಕೆಂದು ಮುಂದೆ ನೋಡೋಣ.

ಹೆಸರುವಾಸಿಯಾದ ಲಗ್ನಗಳೇ ಈ ದಾರಿ ತೋರಿಸಿವೆ. ಬೆಂಗಳೂರಿನ ಮನೆಮಗಳು ದೀಪಿಕಾ ಪಡುಕೋಣೆ ಮತ್ತು ರಣವೀರ್ ಸಿಂಗ್ ಅವರ ಮದುವೆ 2018ರ ನವೆಂಬರ್ 14 ಮತ್ತು 15ರಂದು ಇಟಲಿಯ ಕೋಮೋ ಸರೋವರದ ದಂಡೆಯ ವಿಲಾ ಡೆಲ್ ಬಾಲ್ಬಿಯಾನೆಲ್ಲೋದಲ್ಲಿ ನಡೆಯಿತು. ಮೊದಲ ದಿನ ಕೊಂಕಣಿ ಸಂಪ್ರದಾಯ, ಮರುದಿನ ವರನ ಕಡೆಯ ಸಂಪ್ರದಾಯ. ಅದು ಕೋಟೆಯಲ್ಲ, 18ನೇ ಶತಮಾನದಲ್ಲಿ ಒಬ್ಬ ಕಾರ್ಡಿನಲ್ ಕಟ್ಟಿಸಿದ ಸೌಧ. ಈಗ ಇಟಲಿಯ ಎಫ್‌ಎಐ ಎಂಬ ಪಾರಂಪರಿಕ ಸಂಸ್ಥೆಯ ಒಡೆತನದಲ್ಲಿದೆ. ಅಲ್ಲಿಗೆ ಹೋದವರು ಕೆಲವೇ ಮಂದಿ. ಬಂಧುಬಳಗಕ್ಕೆಂದು ಅದೇ ನವೆಂಬರ್ 21ರಂದು ಬೆಂಗಳೂರಿನಲ್ಲಿ ಬೇರೆ ಆರತಕ್ಷತೆ ಇಟ್ಟರು. ಅಂಥ ಅನುಕೂಲಸ್ಥರೂ ಲಗ್ನವನ್ನು ಎರಡು ಭಾಗ ಮಾಡಿಕೊಂಡರು ಎಂಬುದನ್ನು ಗಮನಿಸಿ.

ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆದದ್ದು 2004ರಲ್ಲಿ ಉಕ್ಕಿನ ಉದ್ಯಮಿ ಲಕ್ಷ್ಮೀ ಮಿತ್ತಲ್ ಅವರ ಮಗಳ ಮದುವೆ. ನಿಶ್ಚಿತಾರ್ಥದ ಔತಣ ವರ್ಸೈ ಅರಮನೆಯಲ್ಲಿ, ಮದುವೆ ಪ್ಯಾರಿಸ್ ಸಮೀಪದ ವೋ-ಲ-ವಿಕೋಂತ್ ಸೌಧದಲ್ಲಿ. ಈ ಸೌಧ ಕಟ್ಟಿಸಿದವನು 14ನೇ ಲೂಯಿ ದೊರೆಯ ಹಣಕಾಸು ಮಂತ್ರಿ ನಿಕೊಲಾ ಫುಕೆ. 1661ರ ಆಗಸ್ಟ್ 17ರಂದು ದೊರೆಗೇ ಅಲ್ಲಿ ಭಾರಿ ಔತಣ ಕೊಟ್ಟ. ಮೂರು ವಾರ ಕಳೆಯುವುದರೊಳಗೆ ಹಣ ದುರುಪಯೋಗದ ಆರೋಪದಲ್ಲಿ ಸೆರೆಯಾದ. ಶಕ್ತಿ ಮೀರಿ ಖರ್ಚು ಮಾಡಿ ಕೋಟೆಯಲ್ಲಿ ಊಟ ಹಾಕಲು ಹೊರಟವರು ಈ ಕಥೆ ತಿಳಿದಿರುವುದು ಒಳ್ಳೆಯದು.

ಕಾನೂನು ಮೊದಲು

ನಮ್ಮಲ್ಲಿ ಅನೇಕರು ಅಂದುಕೊಂಡಿರುವುದು ಹೀಗೆ: ಮೊದಲು ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ ಪ್ರಮಾಣಪತ್ರ ತೆಗೆದುಕೊಳ್ಳುವುದು, ಆಮೇಲೆ ಆರಾಮವಾಗಿ ವಿದೇಶದಲ್ಲಿ ತಾಳಿ ಕಟ್ಟುವುದು. ಹಿಂದೂ ವಿವಾಹ ಕಾಯ್ದೆ, 1955ರ ಅಡಿಯಲ್ಲಿ ಇದು ಅಪಾಯದ ದಾರಿ. ಕಾಯ್ದೆಯ 7ನೇ ಕಲಮಿನ ಪ್ರಕಾರ ವಧು ಅಥವಾ ವರನ ಕಡೆಯ ರೂಢಿಯಂತೆ ಶಾಸ್ತ್ರ ನಡೆದರೇ ಮದುವೆ. 8ನೇ ಕಲಮಿನ ನೋಂದಣಿ ಆ ಮದುವೆಗೆ ಪುರಾವೆ ಮಾತ್ರ. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2024ರ ಏಪ್ರಿಲ್‌ನಲ್ಲಿ ಇದನ್ನೇ ಸ್ಪಷ್ಟಪಡಿಸಿತು: ಶಾಸ್ತ್ರ ನಡೆಯದೆ ಬರೀ ಪ್ರಮಾಣಪತ್ರ ಪಡೆದರೆ ಅದು ಹಿಂದೂ ಮದುವೆಯಾಗುವುದಿಲ್ಲ. ವೀಸಾ ಬೇಗ ಸಿಗಲೆಂದು ಮೊದಲೇ ನೋಂದಣಿ ಮಾಡಿಸುವವರು ಈ ತೀರ್ಪನ್ನು ವಕೀಲರಿಂದ ಕೇಳಿ ತಿಳಿಯಲೇಬೇಕು.

ಹಾಗಾದರೆ ಸರಿಯಾದ ದಾರಿ ಎರಡು. ಮನೆಯಲ್ಲೋ ಮಠದಲ್ಲೋ ಚಿಕ್ಕದಾಗಿ ಶಾಸ್ತ್ರ ಮುಗಿಸಿ, ಫೋಟೊ, ಲಗ್ನಪತ್ರಿಕೆ, ಸಾಕ್ಷಿಗಳೊಂದಿಗೆ ಬಸವಕಲ್ಯಾಣ ಅಥವಾ ಹುಮನಾಬಾದಿನ ಸಬ್‌ ರಿಜಿಸ್ಟ್ರಾರ್ ಬಳಿ ನೋಂದಣಿ ಮಾಡಿಸಿ. 2024ರಿಂದ ರಾಜ್ಯ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್ ಅರ್ಜಿಗೂ ಅವಕಾಶವಿದೆ. ಇಲ್ಲವೇ ವಿಶೇಷ ವಿವಾಹ ಕಾಯ್ದೆ, 1954ರ ಅಡಿ ಮದುವೆಯಾಗಿ. ಅಲ್ಲಿ ಶಾಸ್ತ್ರದ ಅಗತ್ಯವಿಲ್ಲ, ಆದರೆ 30 ದಿನಗಳ ನೋಟಿಸ್ ಇರುತ್ತದೆ. ಅಂತರ್ಜಾತಿ ಲಗ್ನಕ್ಕೆ ಎರಡೂ ಕಾಯ್ದೆಗಳ ದಾರಿ ತೆರೆದಿದೆ. ವಧು-ವರರಲ್ಲಿ ಒಬ್ಬರು ಹಿಂದೂ ವಿವಾಹ ಕಾಯ್ದೆಯ ವ್ಯಾಪ್ತಿಗೆ ಬಾರದ ಧರ್ಮದವರಾದರೆ ಈ ಎರಡನೆಯದೇ ದಾರಿ.

ವಿದೇಶದಲ್ಲಿಯೇ ಕಾನೂನಿನ ಮದುವೆ ಆಗಬೇಕೆಂದರೆ ವಿದೇಶಿ ವಿವಾಹ ಕಾಯ್ದೆ, 1969 ಇದೆ. ಭಾರತೀಯ ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಮುಂದೆ ಮದುವೆಯಾಗಬಹುದು. ಇಬ್ಬರಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿರಬೇಕು, ಒಬ್ಬರಾದರೂ ಅಲ್ಲಿ 30 ದಿನ ವಾಸವಿದ್ದಿರಬೇಕು. ಆಯಾ ದೇಶದ ಕಾನೂನುಗಳು ಇನ್ನೂ ಬಿಗಿ. ಫ್ರಾನ್ಸಿನಲ್ಲಿ ಪುರಭವನದಲ್ಲಿ ನಡೆಯುವ ನಾಗರಿಕ ಮದುವೆಗೆ ಮಾತ್ರ ಮಾನ್ಯತೆ. ಆ ಊರಿನಲ್ಲಿ ವಧು-ವರರಿಗೋ ಅವರ ತಂದೆ-ತಾಯಿಗೋ ವಾಸದ ನಂಟು ಇಲ್ಲದಿದ್ದರೆ ಅದು ಆಗದು. ಇಂಗ್ಲೆಂಡಿನಲ್ಲಿ ನೋಂದಣಿ ಕಚೇರಿಗೆ ಕನಿಷ್ಠ 28 ದಿನ ಮುಂಚೆ ನೋಟಿಸ್ ಕೊಡಬೇಕು, ಅದಕ್ಕೆ ಮೊದಲು ಏಳು ದಿನ ಅಲ್ಲೇ ಇರಬೇಕು, ಪ್ರವಾಸಿಯಾಗಿ ಹೋಗುವವರ ವೀಸಾ ಕೂಡ ಮದುವೆಗೆಂದೇ ಪಡೆದದ್ದಾಗಿರಬೇಕು. ಅಲ್ಲಿನ ನಾಗರಿಕ ಮದುವೆಯಲ್ಲಿ ಮಂತ್ರ, ಪೂಜೆಗಳಿಗೆ ಅವಕಾಶವಿಲ್ಲ. ಸ್ಕಾಟ್ಲೆಂಡಿನಲ್ಲಿ ಮಾನ್ಯತೆ ಜಾಗಕ್ಕಲ್ಲ, ಮದುವೆ ಮಾಡಿಸುವವರಿಗೆ. ಆದ್ದರಿಂದ ಅಧಿಕಾರ ಪಡೆದ ಪುರೋಹಿತರು ಸಿಕ್ಕರೆ ಕೋಟೆಯಲ್ಲೇ ಧಾರ್ಮಿಕ ಮದುವೆಗೆ ಕಾನೂನಿನ ಬಲ ಬರುತ್ತದೆ. ಕೋಟೆಯಲ್ಲೇ ಎಲ್ಲವೂ ಆಗಬೇಕೆಂಬ ಹಟವಿರುವವರಿಗೆ ನಾನು ಹೇಳುವುದು ಸ್ಕಾಟ್ಲೆಂಡನ್ನೇ.

ಸಿಖ್ ಮನೆತನಗಳಿಗೆ ಒಂದು ಮಾತು. ನಾನಕ ಝರಾ ಇರುವ ಬೀದರ್ ಜಿಲ್ಲೆಯಲ್ಲಿ ಇದನ್ನು ಹೇಳದೆ ಬಿಡಲಾಗದು. ಸಿಖ್ ಮದುವೆಯ ವಿಧಿಯಾದ ಆನಂದ ಕಾರಜ್ ಅನ್ನು ರೆಸಾರ್ಟ್, ಕಡಲತೀರಗಳಂಥ ಕಡೆ ನಡೆಸಬಾರದೆಂದು ಸಿಖ್ಖರ ಪರಮೋಚ್ಚ ಪೀಠ ಅಕಾಲ್ ತಖ್ತ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಕೋಟೆಯ ಯೋಜನೆಗೆ ಮುನ್ನ ಗುರುದ್ವಾರದಲ್ಲಿ ಕೇಳಿ.

ಬೆಂಕಿ, ಅರಿಶಿಣ, ಸುರಗಿ ನೀರು

ಭಾರತೀಯ ಮದುವೆ ಎಂದೊಡನೆ ಯುರೋಪಿನ ಕೋಟೆಯ ವ್ಯವಸ್ಥಾಪಕರು ಮೊದಲು ಕೇಳುವ ಪ್ರಶ್ನೆ ಹೋಮದ ಬಗ್ಗೆ. ಮರದ ತೊಲೆ, ಹಳೆಯ ಪರದೆ, ನಾನೂರು-ಐನೂರು ವರ್ಷದ ಚಿತ್ರಗಳಿರುವ ಕೋಣೆಯಲ್ಲಿ ತೆರೆದ ಬೆಂಕಿಗೆ ಅವರು ಒಪ್ಪುವುದಿಲ್ಲ, ಒಪ್ಪಲೂಬಾರದು. ಹೋಮ ಬೇಕೇಬೇಕು ಎನ್ನುವವರು ಕಲ್ಲುಹಾಸಿನ ಅಂಗಳವಿರುವ ಕೋಟೆಯನ್ನೇ ಹುಡುಕಬೇಕು. ಕಾಲುಗಳಿರುವ ಲೋಹದ ಕುಂಡ, ಕೆಳಗೆ ಮರಳಿನ ತಟ್ಟೆ, ಪಕ್ಕದಲ್ಲಿ ಬೆಂಕಿ ಆರಿಸುವ ಸಾಧನ, ಮಳೆ ಬಂದರೆ ಹೋಗಲು ಇನ್ನೊಂದು ಜಾಗ ಇವೆಲ್ಲ ಒಪ್ಪಂದದಲ್ಲಿ ಬರಹದಲ್ಲಿರಲಿ. ಬಾಯಿಮಾತಿನ ಒಪ್ಪಿಗೆ ಲಗ್ನದ ಬೆಳಿಗ್ಗೆ ಕೈಕೊಡುತ್ತದೆ.

ಕಲ್ಯಾಣ ನಾಡಿನ ಲಿಂಗಾಯತ ಮನೆತನಗಳಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ಪಂಚಕಳಸ ಇಟ್ಟು ಅಯ್ಯನವರು ಮಾಡಿಸುವ ಲಗ್ನಕ್ಕೆ ಹೋಮವೂ ಬೇಡ, ಸಪ್ತಪದಿಯೂ ಬೇಡ. ಬಸವತತ್ತ್ವ ಪಾಲಿಸುವ ಮನೆಗಳಲ್ಲಿ ನಡೆಯುವ ವಚನ ಮಾಂಗಲ್ಯವಂತೂ ಇನ್ನೂ ಸರಳ: ವಚನಪಠಣ, ವಿಭೂತಿ-ರುದ್ರಾಕ್ಷಿ, ವಧು-ವರರ ಪ್ರತಿಜ್ಞೆ, ಹೂವು. ಹಿಂದೂ ವಿವಾಹ ಕಾಯ್ದೆ ತನ್ನ 2ನೇ ಕಲಮಿನಲ್ಲಿ ವೀರಶೈವ ಮತ್ತು ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ. 7ನೇ ಕಲಮಿನಲ್ಲಿ ಸಪ್ತಪದಿಯ ಮಾತು ಬರುವುದು ಆ ರೂಢಿ ಇರುವವರಿಗೆ ಮಾತ್ರ. ಹೀಗಾಗಿ ಕಾನೂನಿಗೂ ಸರಿ, ಕೋಟೆಗೂ ಸರಿ. 12ನೇ ಶತಮಾನದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಲಗ್ನ ಕಲ್ಯಾಣವನ್ನೇ ಅಲ್ಲಾಡಿಸಿತು. ಆ ಲಗ್ನವನ್ನು ಇಂದಿಗೂ ನೆನೆಯುವುದು ಅದರ ಆಡಂಬರಕ್ಕಲ್ಲ ಎಂಬುದು ಈ ನೆಲದವರಿಗೆ ಬಿಡಿಸಿ ಹೇಳಬೇಕಿಲ್ಲ.

ಬೆಂಕಿಗಿಂತ ಹೆಚ್ಚು ಜಗಳ ತರುವುದು ಅರಿಶಿಣ. ಯುರೋಪಿನ ಎಷ್ಟೋ ಕೋಟೆಗಳ ನೆಲ, ಮೆಟ್ಟಿಲು ಸುಣ್ಣದ ಕಲ್ಲಿನವು. ಆ ಕಲ್ಲು ಬಣ್ಣ ಹೀರುತ್ತದೆ. ನಮ್ಮ ಅಕ್ಕಿಕಾಳಿಗೆ ಅರಿಶಿಣದ ಜೊತೆ ಒಂದು ಹನಿ ಎಣ್ಣೆಯೋ ತುಪ್ಪವೋ ಸೇರಿಸಿ ಕೈಯಲ್ಲಿ ಉಜ್ಜಿರುತ್ತಾರೆ. ನೂರು ಜನ ಎರಡು ಮುಷ್ಟಿ ಹಾಕಿದರೆ ಆ ಕಾಳು ಚಪ್ಪಲಿಯ ಕೆಳಗೆ ಅರೆದು ಕಲ್ಲಿನ ಸಂದಿಗೆ ಹಳದಿಯಾಗಿ ಇಳಿಯುತ್ತದೆ. ಮುಂಗಡ ಠೇವಣಿ ಕಳೆದುಕೊಳ್ಳುವುದು ಇಂಥದ್ದರಲ್ಲೇ. ಮಂಟಪದ ಸುತ್ತ ದಪ್ಪ ಜಮಖಾನೆ ಹಾಸಿಸಿ, ಅಕ್ಕಿಕಾಳನ್ನು ಅದರ ಮೇಲೆ ನಿಂತೇ ಹಾಕಿಸಿ; ಇಲ್ಲವೇ ಹಿರಿಯರು ಮಾತ್ರ ಅಕ್ಕಿಕಾಳು, ಉಳಿದವರು ಹೂವಿನ ಪಕಳೆ ಹಾಕಲಿ.

ಸುರಗಿಗೆ ಇನ್ನೊಂದು ಬಗೆಯ ತಯಾರಿ ಬೇಕು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ದಾರ ಸುತ್ತಿ, ನಡುವೆ ಕೂರಿಸಿ ನೀರು ಹಾಕುವ ಶಾಸ್ತ್ರವನ್ನು ಕೋಟೆಯ ಕೋಣೆಯಲ್ಲಿ ಮಾಡಲಾಗದು. ಹಳೆಯ ಕುದುರೆಲಾಯದ ಅಂಗಳವನ್ನು ಕೇಳಿ ನೋಡಿ: ಅಲ್ಲಿ ನೀರು ಹರಿಯುವ ಚರಂಡಿ ಇರುತ್ತದೆ, ಬಿಸಿನೀರು ತರಲು ಅಡುಗೆಮನೆ ಹತ್ತಿರವಿದೆಯೇ ನೋಡಿಕೊಳ್ಳಿ. ನಮ್ಮಲ್ಲಿ ಬಿಸಿಲಿಗೆ ಒಣಗುವ ವಧು ಅಲ್ಲಿ ಮೇ ತಿಂಗಳಲ್ಲೂ ಗಡಗಡ ನಡುಗುತ್ತಾಳೆ. ಕಂಬಳಿ ಹಿಡಿದು ನಿಲ್ಲಲು ಒಬ್ಬರನ್ನು ಗೊತ್ತುಮಾಡಿ.

ಹಲಗಿ, ಬ್ಯಾಂಡು ಇದ್ದರೆ ಶಬ್ದದ ಮಿತಿ ಕೇಳಿ. ಕೆಲವು ಕೋಟೆಗಳಲ್ಲಿ ಶಬ್ದ ಮಿತಿ ದಾಟಿದೊಡನೆ ವಿದ್ಯುತ್ ತಾನಾಗಿ ನಿಲ್ಲುವ ಯಂತ್ರ ಇಟ್ಟಿರುತ್ತಾರೆ.

ಅಜ್ಜಿಯ ಪಾಸ್‌ಪೋರ್ಟ್

ಫ್ರಾನ್ಸ್, ಇಟಲಿ, ಜರ್ಮನಿ ಸೇರಿದ ಷೆಂಗೆನ್ ದೇಶಗಳಿಗೆ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ ಶುಲ್ಕ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ನೂರು ಜನ ದೊಡ್ಡವರೆಂದರೆ ಬರೀ ವೀಸಾ ಶುಲ್ಕವೇ 9,000 ಯೂರೋ. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಪ್ರತಿಯೊಬ್ಬರಿಗೂ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷದೊಳಗಿನದು, ಮರಳಿದ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿ ಇರುವಂಥದ್ದು ಬೇಕು. ಇಂಗ್ಲೆಂಡ್, ಸ್ಕಾಟ್ಲೆಂಡ್‌ಗೆ ಬೇರೆಯೇ ವೀಸಾ. ಷೆಂಗೆನ್ ವೀಸಾ ಅಲ್ಲಿ ನಡೆಯದು.

ನಮ್ಮ ಕಡೆಯ ನಿಜವಾದ ತೊಡಕು ಹೆಸರುಗಳದ್ದು. ಆಧಾರ್‌ನಲ್ಲಿ ಒಂದು ಕಾಗುಣಿತ, ಪಹಣಿಯಲ್ಲಿ ಮತ್ತೊಂದು, ಶಾಲೆಯ ದಾಖಲೆಯಲ್ಲಿ ಮನೆತನದ ಹೆಸರೇ ಇಲ್ಲ. ನಿಜಾಮರ ಕಾಲದ ಉರ್ದು ಕಾಗದ, ಗಡಿಯ ಮರಾಠಿ ದಾಖಲೆ, ಕನ್ನಡದ ಹೊಸ ದಾಖಲೆ ಮೂರರಲ್ಲಿ ಮೂರು ರೂಪ ಇರುವ ಹಿರಿಯರು ಮನೆಗೊಬ್ಬರಿದ್ದಾರೆ. ಇದನ್ನು ಸರಿಪಡಿಸಲು ತಿಂಗಳುಗಳು ಹಿಡಿಯುತ್ತವೆ. ಕೋಟೆ ನೋಡುವುದಕ್ಕೆ ಮೊದಲು ಇದನ್ನು ಮುಗಿಸಬೇಕು.

ರೈತ ಕುಟುಂಬದವರು ಆದಾಯ ತೆರಿಗೆ ರಿಟರ್ನ್ ಇಲ್ಲವೆಂದು ಹಿಂಜರಿಯುವುದು ಬೇಡ. ಪಹಣಿ, ಬ್ಯಾಂಕ್ ಪಾಸ್‌ಬುಕ್, ತೊಗರಿ ಮಾರಿದ ಎಪಿಎಂಸಿ ರಸೀದಿ, ಕಾರ್ಖಾನೆಯ ಕಬ್ಬಿನ ಬಿಲ್ಲು ಇವನ್ನೆಲ್ಲ ಇಂಗ್ಲಿಷಿಗೆ ಅನುವಾದಿಸಿ, ಮಗ ಅಥವಾ ಮಗಳ ಆಹ್ವಾನ ಪತ್ರ ಮತ್ತು ಖರ್ಚು ಹೊರುವ ಪತ್ರದ ಜೊತೆ ಇಡಿ. ಊರಲ್ಲಿ ಹೊಲ-ಮನೆ ಇದೆ, ಮರಳಿ ಬರುತ್ತಾರೆ ಎಂಬುದಕ್ಕೆ ಪಹಣಿ ಒಳ್ಳೆಯ ಸಾಕ್ಷಿ. ಎನ್‌ಎಚ್ 65 ಹಿಡಿದರೆ ಹುಮನಾಬಾದಿನಿಂದ ಹೈದರಾಬಾದ್ ಹತ್ತಿರ, ನಿಜ. ಆದರೆ ಕರ್ನಾಟಕದ ವಿಳಾಸದವರು ಬೆಂಗಳೂರಿನಲ್ಲೇ ಅರ್ಜಿ ಕೊಡಬೇಕೋ ಹೈದರಾಬಾದಿನಲ್ಲೂ ನಡೆಯುತ್ತದೋ ಎಂಬುದನ್ನು ಆಯಾ ದೇಶದ ಕೇಂದ್ರದಲ್ಲಿ ಮೊದಲೇ ಕೇಳಿ. ಬೆರಳಚ್ಚು ಕೊಡಲು ವಯಸ್ಸಾದವರೂ ಖುದ್ದಾಗಿ ಹೋಗಬೇಕಾಗುತ್ತದೆ.

ಮುಹೂರ್ತ ಮತ್ತು ಹವಾಮಾನ

ಕೋಟೆಗಳ ಒಳ್ಳೆಯ ಕಾಲ ಮೇಯಿಂದ ಸೆಪ್ಟೆಂಬರ್. ಅದರ ಒಂದು ಭಾಗ ನಮಗೆ ಆಷಾಢ, ಭಾದ್ರಪದದ ಪಿತೃಪಕ್ಷಗಳಲ್ಲಿ ಹೋಗುತ್ತದೆ. ಎರಡೂ ಹೆಚ್ಚಾಗಿ ಕೂಡುವುದು ವೈಶಾಖ-ಜ್ಯೇಷ್ಠದಲ್ಲಿ, ಅಂದರೆ ಸುಮಾರು ಜೂನ್‌ವರೆಗೆ. 2026ರಂತೆ ಅಧಿಕ ಜ್ಯೇಷ್ಠ ಬಂದು ಮೇ 17ರಿಂದ ಜೂನ್ 15ರವರೆಗೆ ಮುಹೂರ್ತವೇ ಇಲ್ಲದ ವರ್ಷಗಳೂ ಇವೆ. ಕಾರ್ತಿಕದ ನಂತರ ನಮಗೆ ಮುಹೂರ್ತಗಳು ಧಾರಾಳ, ಅಲ್ಲಿ ಬಾಡಿಗೆಯೂ ಕಡಿಮೆ. ಆದರೆ ಚಳಿ, ಸಂಜೆ ನಾಲ್ಕಕ್ಕೇ ಕತ್ತಲೆ. ತಿಥಿ-ನಕ್ಷತ್ರ ಜಗತ್ತಿಗೆಲ್ಲ ಒಂದೇ ಕ್ಷಣಕ್ಕೆ ಬದಲಾದರೂ ಲಗ್ನದ ಗಳಿಗೆ ಊರಿನ ಅಕ್ಷಾಂಶ, ರೇಖಾಂಶ, ಸೂರ್ಯೋದಯದ ಮೇಲೆ ನಿಲ್ಲುತ್ತದೆ. ಇಲ್ಲಿಯ ಪಂಚಾಂಗದ ಗಳಿಗೆಯನ್ನು ಅಲ್ಲಿನ ಗಡಿಯಾರಕ್ಕೆ ಹೊಂದಿಸಿದರೆ ಸಾಲದು. ಕೋಟೆಯ ಊರಿನ ಹೆಸರು ಕೊಟ್ಟು ಹೊಸದಾಗಿ ತೆಗೆಸಿ.

ಪೆಟ್ಟಿಗೆಯಲ್ಲಿ ಏನು, ಕಿಸೆಯಲ್ಲಿ ಎಷ್ಟು

ಯುರೋಪಿಯನ್ ಒಕ್ಕೂಟದೊಳಗೆ ಪ್ರಯಾಣಿಕರು ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪ, ಪೇಢಾ, ಖೋವಾ ವಿಮಾನ ನಿಲ್ದಾಣದಲ್ಲೇ ಹೋಗುತ್ತವೆ. 2019ರ ಡಿಸೆಂಬರ್‌ನಿಂದ ಹಣ್ಣು, ತರಕಾರಿ, ಹೂವು, ಎಲೆಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ವಿನಾಯಿತಿ ಐದಕ್ಕೆ ಮಾತ್ರ: ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡೂರಿಯನ್. ಅಂದರೆ ಉಡಿ ತುಂಬುವ ಕಾಯಿ, ಬಾಳೆಹಣ್ಣು, ಉತ್ತತ್ತಿಗೆ ಅಡ್ಡಿ ಇಲ್ಲ. ಮಾವಿನ ಎಲೆ, ವೀಳ್ಯದೆಲೆ, ಮಲ್ಲಿಗೆ ದಂಡೆ ಒಯ್ಯಲಾಗದು. ಎಲೆಗಳನ್ನು ಅಲ್ಲಿಯ ಏಷ್ಯನ್ ಅಂಗಡಿಗಳಲ್ಲೇ ಕೊಳ್ಳಬೇಕು.

ಅಡುಗೆಗೆ ಬಹಳಷ್ಟು ಕೋಟೆಗಳು ತಮ್ಮ ಪಟ್ಟಿಯ ಅಡುಗೆಯವರನ್ನೇ ಒಪ್ಪುತ್ತವೆ. ಲಂಡನ್, ಪ್ಯಾರಿಸ್, ಮಿಲಾನ್‌ಗಳಲ್ಲಿ ಭಾರತೀಯ ಅಡುಗೆಯವರು ಸಿಗುತ್ತಾರೆ, ಆದರೆ ಬಹುತೇಕರಿಗೆ ಗೊತ್ತಿರುವುದು ಪಂಜಾಬಿ ಊಟ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿಯಲ್ಲಿ ಹಾಲು-ತುಪ್ಪ ಇಲ್ಲ, ವಾರಗಟ್ಟಲೆ ಕೆಡುವುದಿಲ್ಲ; ಗಟ್ಟಿ ಡಬ್ಬಿಯಲ್ಲಿ ಒಯ್ಯಿರಿ. ಗೋಧಿ ಹುಗ್ಗಿಯ ಅಳತೆ ಬರೆದುಕೊಡಿ, ಮನೆಯ ಹೆಣ್ಣುಮಗಳೊಬ್ಬರು ಅಡುಗೆಮನೆಯಲ್ಲಿ ನಿಂತು ಮಾಡಿಸಲು ಮುಂಚೆಯೇ ಅನುಮತಿ ಕೇಳಿ.

ಬಂಗಾರ ಒಯ್ಯುವವರು ಹೊರಡುವಾಗಲೇ ಭಾರತದ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಪಡೆಯಿರಿ. ಇಲ್ಲದಿದ್ದರೆ ಮರಳುವಾಗ ನಿಮ್ಮದೇ ಸರಕ್ಕೆ ಸುಂಕದ ಪ್ರಶ್ನೆ ಏಳುತ್ತದೆ. ಕೈಯಲ್ಲಿ 10,000 ಯೂರೋ ಅಥವಾ ಹೆಚ್ಚು ನಗದಿದ್ದರೆ ಅಲ್ಲಿ ಘೋಷಿಸಬೇಕು. ಬ್ಯಾಂಕಿನಿಂದ ಕಳಿಸುವ ಹಣಕ್ಕೆ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯ ಮಿತಿ ಒಬ್ಬರಿಗೆ ಹಣಕಾಸು ವರ್ಷಕ್ಕೆ 2,50,000 ಡಾಲರ್. ಇಂಥ ರವಾನೆಯ ಮೇಲೆ ಬ್ಯಾಂಕು ಸಂಗ್ರಹಿಸುವ ತೆರಿಗೆಯಾದ ಟಿಸಿಎಸ್ ದರ ಬಜೆಟ್‌ಗಳಲ್ಲಿ ಬದಲಾಗುತ್ತಿರುತ್ತದೆ, ಲೆಕ್ಕ ಪರಿಶೋಧಕರನ್ನು ಕೇಳಿಯೇ ಕಳಿಸಿ. ಒಪ್ಪಂದದಲ್ಲಿ ಒಂದು ಸಾಲು ತಪ್ಪದೆ ಇರಲಿ: ವಧು, ವರ ಅಥವಾ ತಂದೆ-ತಾಯಿಗೆ ವೀಸಾ ನಿರಾಕರಣೆಯಾದರೆ ಎಷ್ಟು ಹಣ ಮರಳುತ್ತದೆ.

ಕೋಟೆ ಆರಿಸುವಾಗ ಚಿತ್ರ ನೋಡಿ ಮರುಳಾಗಬೇಡಿ. ಎಡಿನ್‌ಬರೋ ಕೋಟೆಯೊಳಗಿನ ಸಂತ ಮಾರ್ಗರೆಟ್ ಪ್ರಾರ್ಥನಾಮಂದಿರ 1130ರ ಸುಮಾರಿನದು. ಕಲ್ಯಾಣದಲ್ಲಿ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ರಚಿಸಿದ ಕಾಲಕ್ಕೆ ಸೇರಿದ್ದು. ಅಲ್ಲಿ ಇಂದಿಗೂ ಮದುವೆಗಳಾಗುತ್ತವೆ, ಆದರೆ ಹಿಡಿಸುವುದು ಇಪ್ಪತ್ತು-ಇಪ್ಪತ್ತೈದು ಜನ. ಸುತ್ತುಮೆಟ್ಟಿಲು, ಲಿಫ್ಟ್ ಇಲ್ಲದ ಗೋಪುರ, ದೂರದ ಶೌಚಾಲಯ ಮಂಡಿನೋವಿನವರಿಗೆ ಶಿಕ್ಷೆ. ನೆಲಮಹಡಿಯಲ್ಲಿ ಎಷ್ಟು ಕೋಣೆಗಳಿವೆ ಎಂದು ಕೇಳಿ, ಆ ಲೆಕ್ಕಕ್ಕೆ ಹಿರಿಯರನ್ನು ಕರೆಯಿರಿ.

ನಮ್ಮದೇ ಕೋಟೆಯಲ್ಲಿ ಯಾಕಾಗಬಾರದು ಎಂದು ಕೇಳುವವರಿಗೂ ಉತ್ತರ ಹೇಳಬೇಕು. ಬೀದರ್ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಣೆಯಲ್ಲಿದೆ. 1959ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಅಂಥ ಸ್ಮಾರಕಗಳಲ್ಲಿ ಔತಣ, ಸಮಾರಂಭ ನಡೆಸುವಂತಿಲ್ಲ. ಅದು ಸರಿಯಾದ ನಿಯಮವೆಂದೇ ನನ್ನ ಮಾತು. ಯುರೋಪಿನ ಕೋಟೆಯ ನೋಟವೇ ಬೇಕೆಂದರೆ, ಇಂಗ್ಲೆಂಡಿನ ಟ್ಯೂಡರ್ ಶೈಲಿಯ ಬೆಂಗಳೂರು ಅರಮನೆಯ ಮೈದಾನದಲ್ಲಿ ಮದುವೆಗಳು ನಡೆಯುತ್ತವೆ, ವೀಸಾ ಬೇಡ. 2023ರ ನವೆಂಬರ್ 26ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಕೇಳಿದ್ದೂ ಅದನ್ನೇ, ಮದುವೆಗಳನ್ನು ದೇಶದಲ್ಲೇ ಮಾಡಿ ಎಂದು.

ಮಕ್ಕಳ ಆಸೆಯನ್ನು ಸುಮ್ಮನೆ ತಳ್ಳಿಹಾಕಬೇಕಿಲ್ಲ. ಅಲ್ಲಿ ದುಡಿಯುವವರಿಗೆ ಅಲ್ಲಿಯ ಗೆಳೆಯರ ನಡುವೆ ತಮ್ಮ ಶಾಸ್ತ್ರ ತೋರಿಸುವ ಹಂಬಲವಿದ್ದರೆ ಅದು ಗೌರವದ ಮಾತೇ. ಆದರೆ ಪಾಸ್‌ಪೋರ್ಟ್ ಮಾಡಿಸಲಾಗದ ಸೋದರತ್ತೆ, ವೀಸಾ ಸಿಗದ ಕಾಕಾ, ಹೊಲ ಬಿಟ್ಟು ಬರಲಾಗದ ನೆರೆಮನೆಯವರ ಅಕ್ಕಿಕಾಳು ತಲೆಯ ಮೇಲೆ ಬೀಳದಿದ್ದರೆ, ಈ ಕಡೆ ಅದನ್ನು ಯಾರೂ ಲಗ್ನ ಅನ್ನುವುದಿಲ್ಲ. ಆದ್ದರಿಂದ ಊರಿನ ಲಗ್ನಕ್ಕೆ ಮೊದಲು ದಿನ ಗೊತ್ತುಮಾಡಿ, ನೋಂದಣಿ ಮುಗಿಸಿ, ಅದಾದ ಮೇಲೆ ಕೋಟೆಗೆ ಹೊರಡಿ. ಕೋಟೆಗೆ ಮುಂಗಡ ಕಳಿಸುವ ಮುನ್ನ, ಇದೇ ವಾರ, ಮನೆಯ ಹಿರಿಯರ ಆಧಾರ್, ಪಹಣಿ, ಪಾಸ್‌ಪೋರ್ಟ್‌ಗಳನ್ನು ಒಂದೆಡೆ ಇಟ್ಟು ಹೆಸರಿನ ಕಾಗುಣಿತ ಕೂಡುತ್ತದೆಯೇ ಎಂದು ನೋಡಿ.